ಅರ್ಧ ದಾರಿಯಲ್ಲಿ ನಿಂತ ಹರಕೆ

ಕಾರ್ತಿಕ ಮಾಸ ಕಾಲಿಟ್ಟಿತೆಂದರೆ ಮದ್ದೂರು ಸೀಮೆಯ ಬೇಸಾಯಗಾರನಿಗೆ ಒಂದಿಷ್ಟು ಉಸಿರಾಡುವ ಬಿಡುವು ದೊರೆಯುತ್ತದೆ. ಶಿಂಷಾ ಬಯಲಿನ ಗದ್ದೆಗಳಲ್ಲಿ ಭತ್ತ ತೆನೆಗಟ್ಟಿ ಬಾಗಿರುತ್ತದೆ; ಕೊಯ್ಲಿಗೆ ಇನ್ನೂ ಕೆಲವು ದಿನಗಳಿರುತ್ತವೆ. ಈ ಬಿಡುವಿನಲ್ಲಿ ನಮ್ಮ ಜನ ಬೆಟ್ಟಗಳತ್ತ ಮುಖ ಮಾಡುವುದು ತಲೆಮಾರುಗಳಿಂದ ನಡೆದುಬಂದ ರೂಢಿ. ಮಳವಳ್ಳಿ, ಕೊಳ್ಳೇಗಾಲ, ಹನೂರುಗಳ ಮೇಲೆ ಹಾದು, ತಾಳಬೆಟ್ಟ ಹತ್ತಿ, ಮಲೆ ಮಹದೇಶ್ವರನ ದೀಪಾವಳಿ ಜಾತ್ರೆಗೆ ಕಾಲ್ನಡಿಗೆಯಲ್ಲಿಯೇ ಹೋಗಿಬರುವ ಮನೆತನಗಳು ನಮ್ಮಲ್ಲಿ ಕಡಮೆಯಲ್ಲ. ಓದು ಮುಗಿಸಿ ಬೆಂಗಳೂರು ಸೇರಿದ ನಮ್ಮ ತರುಣರು ಈಗ ಇನ್ನೂ ದೂರ ಹೋಗುತ್ತಾರೆ, ಕುಮಾರಪರ್ವತವೆನ್ನುತ್ತಾರೆ, ಮುಳ್ಳಯ್ಯನಗಿರಿಯೆನ್ನುತ್ತಾರೆ. ಹಿರಿಯರದು ಹರಕೆ, ಕಿರಿಯರದು ಹವ್ಯಾಸ. ಉದ್ದೇಶ ಬೇರೆಯಾದರೂ ಇಬ್ಬರ ಕಾಲ ಕೆಳಗಿರುವುದು ಒಂದೇ ಕಲ್ಲು, ಇಬ್ಬರ ಮೈಗೆ ಬಡಿಯುವುದು ಒಂದೇ ಗಾಳಿ. ಇಬ್ಬರನ್ನೂ ಆ ಬೆಟ್ಟ ಒಂದಲ್ಲ ಒಂದು ದಿನ ಕೇಳಿಯೇ ತೀರುವ ಪ್ರಶ್ನೆಯೊಂದಿದೆ. ತುದಿ ಕಣ್ಣಿಗೆ ಕಾಣುತ್ತಿರುವಾಗ, ಜೊತೆಯಲ್ಲಿ ಬಂದವನೊಬ್ಬ ನಡೆಯಲಾರದೆ ಹೋದಾಗ, ಹಿಡಿದ ಸಂಕಲ್ಪವನ್ನು ಕೈಬಿಟ್ಟು ಹಿಂದಿರುಗುವುದು ಧರ್ಮವೋ ಹೇಡಿತನವೋ? ಈ ಪ್ರಶ್ನೆಯನ್ನು ಓದುಗ ಬಂಧುಗಳೊಡನೆ ಕುಳಿತು ವಿಚಾರಿಸಬೇಕೆಂಬುದೇ ಈ ಬರಹದ ಉದ್ದೇಶ.

ನಾವು ಬಯಲುಸೀಮೆಯವರು. ಕುಂದೂರು ಬೆಟ್ಟ, ಕುಂತಿಬೆಟ್ಟ, ಮೇಲುಕೋಟೆಯ ಬೆಟ್ಟ, ಇವೇ ನಮ್ಮ ಕಣ್ಣಳತೆಯ ಎತ್ತರಗಳು. ಇವನ್ನು ಬೆಳಗಿನ ಉಪಾಹಾರಕ್ಕೆ ಮುನ್ನ ಹತ್ತಿ ಇಳಿದು ಬರಬಹುದು. ಬಂಡೆಯ ಮರೆ ಇದೆ, ಮಂಟಪದ ನೆರಳಿದೆ, ಕೂಗಿದರೆ ಕೇಳುವಷ್ಟು ದೂರದಲ್ಲಿ ಊರಿದೆ. ಪಶ್ಚಿಮಘಟ್ಟದ ದೊಡ್ಡ ಬೆಟ್ಟಗಳ ಸ್ವಭಾವ ಬೇರೆ. ಅಲ್ಲಿ ಕಾಡು ಮುಗಿದ ಮೇಲೆ ಬರಿಯ ಹುಲ್ಲುಗಾವಲು. ಹುಲ್ಲುಗಾವಲಿನ ಮೇಲೆ ಬೆಟ್ಟದ ಏಣು. ಏಣೆಂದರೆ ಎರಡು ಪಕ್ಕವೂ ಕಡಿದಾಗಿ ಇಳಿದು ನಡುವೆ ಎತ್ತಿನ ಬೆನ್ನುಮೂಳೆಯಂತೆ ಉದ್ದಕ್ಕೆ ಚಾಚಿಕೊಂಡ ಭಾಗ. ಅಲ್ಲಿ ಮರವಿಲ್ಲ, ಮರೆಯಿಲ್ಲ. ಕಣಿವೆಯಿಂದೇರಿದ ಗಾಳಿಗೆ ಮೊದಲು ಸಿಕ್ಕುವುದು ಅಲ್ಲಿ ನಡೆಯುವವನ ಮೈ. ಗುಡುಗು ಬಂದರೆ ಸಿಡಿಲಿಗೆ ಮೊದಲು ಕಾಣುವುದು ಅವನ ತಲೆ. ಕುಮಾರಪರ್ವತದಲ್ಲಿ ಶೇಷಪರ್ವತದಿಂದ ಮುಂದಕ್ಕೆ, ಚಂದ್ರದ್ರೋಣ ಶ್ರೇಣಿಯಲ್ಲಿ ಮುಳ್ಳಯ್ಯನಗಿರಿಯ ಆಸುಪಾಸಿನಲ್ಲಿ, ನಡೆದವರಿಗೆ ಇದು ಗೊತ್ತು.

ಕಾರ್ತಿಕ, ಮಾರ್ಗಶಿರಗಳ ಚಳಿ ನಮಗೆ ಮೋಸ ಮಾಡುವುದೂ ಅಲ್ಲಿಯೇ. ಮುಂಗಾರಿನ ಆರ್ಭಟ ಮುಗಿದಿರುತ್ತದೆ, ಆಕಾಶ ತಿಳಿಯಾಗಿರುತ್ತದೆ, ಹುಲ್ಲಿನ್ನೂ ಹಸಿರಾಗಿರುತ್ತದೆ. ಬೆಟ್ಟ ಹತ್ತಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲವೆಂದು ಯಾರಿಗಾದರೂ ತೋರುತ್ತದೆ. ಆದರೆ ಹಿಂಗಾರು ಇನ್ನೂ ತೆರೆದ ಬಾಗಿಲಿನಂತೆ ಇರುತ್ತದೆ. 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತ, ಡಿಸೆಂಬರ್ ಮೊದಲ ದಿನಗಳಲ್ಲಿ ನಮ್ಮ ಸೀಮೆಗೂ ಮೋಡ ಕವಿಸಿ ಜಡಿಮಳೆ ಸುರಿಸಿದುದನ್ನು ನೀವು ಮರೆತಿರಲಾರಿರಿ. ಮೇಲಾಗಿ ಹಗಲು ಗಿಡ್ಡ. ಆರು ಗಂಟೆಗೆ ಮೊದಲೇ ಸೂರ್ಯ ಮರೆಯಾಗುತ್ತಾನೆ. ಮೇಲಕ್ಕೇರಿದಂತೆ ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿಯಷ್ಟು ಶಾಖ ಇಳಿಯುತ್ತದೆಂಬುದು ಸಾಮಾನ್ಯ ಲೆಕ್ಕ. ಮದ್ದೂರಿನ ಎತ್ತರ ಸುಮಾರು 660 ಮೀಟರ್; ಮುಳ್ಳಯ್ಯನಗಿರಿಯದು 1930 ಮೀಟರ್. ಮದ್ದೂರಿನ ಬಸ್ ನಿಲ್ದಾಣದಲ್ಲಿ ತೆಳುವಾದ ಅಂಗಿಯಲ್ಲಿ ಹಿತವೆನಿಸಿದ ಮುಂಜಾವು ಅಲ್ಲಿ ಎಂಟು ಡಿಗ್ರಿ ಕೆಳಗಿರುತ್ತದೆ. ಗಾಳಿಯ ಮತ್ತು ಒದ್ದೆ ಬಟ್ಟೆಯ ಲೆಕ್ಕ ಬೇರೆ.

ಇಷ್ಟು ಹೇಳಿದ ಮೇಲೆ ಒಂದು ಸಂದರ್ಭವನ್ನು ನಿಮ್ಮ ಮುಂದಿಡುತ್ತೇನೆ. ಇದು ನಡೆದದ್ದಲ್ಲ, ಊಹಿಸಿದ್ದು. ಆದರೆ ನಡೆಯಲಾರದ್ದೇನೂ ಅಲ್ಲ.

ಚಿಕ್ಕಮಗಳೂರಿನ ಹತ್ತಿರ ಮಲ್ಲೇನಹಳ್ಳಿಯ ಸಮೀಪದಲ್ಲಿ ಬಿಂಡಿಗದ ದೇವೀರಮ್ಮನ ಬೆಟ್ಟವಿದೆ. ದೀಪಾವಳಿಯ ನರಕಚತುರ್ದಶಿಯಂದು ಸಾವಿರಾರು ಜನ ಬರಿಗಾಲಿನಲ್ಲಿ, ಹಲವರು ಉಪವಾಸವಿದ್ದು, ಕಟ್ಟಿಗೆ, ತುಪ್ಪ, ಬಟ್ಟೆಗಳನ್ನು ಹೊತ್ತು ಆ ಕಡಿದಾದ ಬೆಟ್ಟವನ್ನು ಹತ್ತುತ್ತಾರೆ. ಮಾಣಿಕ್ಯಧಾರೆಯ ಕಡೆಯಿಂದ ಏಣಿನ ಹಾದಿ ಹಿಡಿದು ಬಂದವರೂ ಉಂಟು. 2024ರ ದೀಪಾವಳಿಯಲ್ಲಿ ಮಳೆ ಬಂದು ನೆಲ ಜಾರಿ ಹಲವರು ಬಿದ್ದು ಗಾಯಗೊಂಡರು. ಮದ್ದೂರಿನ ಕಡೆಯ ಒಂದು ಮನೆಯಿಂದ ಆರು ಜನ ಅಲ್ಲಿಗೆ ಹೋಗಿದ್ದಾರೆಂದಿಟ್ಟುಕೊಳ್ಳಿ. ಐವರು ಗಟ್ಟಿಮುಟ್ಟಾದ ತರುಣರು. ಆರನೆಯವರು ಅವರ ದೊಡ್ಡಮ್ಮ. ಅರುವತ್ತು ದಾಟಿದ ವಯಸ್ಸು, ಸಕ್ಕರೆ ಕಾಯಿಲೆಗೆ ಮಾತ್ರೆ ನಡೆದಿದೆ, ಹಿಂದಿನ ರಾತ್ರಿಯಿಂದ ಉಪವಾಸ. ಏಣಿನ ಮೇಲೆ ಮಂಜು ಕವಿದು ಹನಿ ಬೀಳತೊಡಗಿದೆ. ಅವರ ಹೆಜ್ಜೆ ತಪ್ಪುತ್ತಿದೆ, ಮಾತು ತೊದಲುತ್ತಿದೆ, ಸೆರಗಿನ ಗಂಟು ಬಿಚ್ಚಲು ಬೆರಳು ಬಗ್ಗುತ್ತಿಲ್ಲ. ತುದಿ ಇನ್ನು ಅರ್ಧ ಗಂಟೆಯ ದಾರಿ. ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಹರಕೆ ಹೊತ್ತವರು ಆ ತರುಣರಲ್ಲ, ದೊಡ್ಡಮ್ಮನೇ. ಮೊಮ್ಮಗನ ಜ್ವರ ಇಳಿಯಲೆಂದು ಹೊತ್ತ ಹರಕೆ ಅದು. ಆಕೆ ಹೇಳುತ್ತಾರೆ: “ನಂಗೇನೂ ಆಗಿಲ್ಲ ಕನ್ರಪ್ಪಾ, ನಡೀರಿ. ಮೊಗ ಉಳ್ಕಂಡಿದ್ದೇ ಆ ತಾಯಿಂದ.”

ತರುಣನೊಬ್ಬನಿಗೆ ಕಾಲು ಸೋತಿದ್ದರೆ ಪ್ರಶ್ನೆ ಇಷ್ಟು ಕಠಿಣವಾಗುತ್ತಿರಲಿಲ್ಲ. ಇಲ್ಲಿ ಸೋತ ದೇಹದಲ್ಲಿಯೇ ಗಟ್ಟಿ ಸಂಕಲ್ಪವಿದೆ. ಆಕೆಯನ್ನು ಹಿಂದಕ್ಕೆ ಕರೆತಂದರೆ ಆಕೆಯ ಶ್ರದ್ಧೆಯನ್ನು ತುಳಿದಂತೆ. ಮುಂದಕ್ಕೆ ಕರೆದೊಯ್ದರೆ ಪ್ರಾಣಕ್ಕೆ ಅಪಾಯ.

ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಒಂದು ನಡುದಾರಿಯ ಸಲಹೆ ಕೇಳಿಬರುತ್ತದೆ: ಆಕೆಯನ್ನು ಬಂಡೆಯ ಪಕ್ಕ ಕೂರಿಸಿ ಒಬ್ಬನನ್ನು ಕಾವಲಿಗಿಟ್ಟು ಉಳಿದವರು ಹೋಗಿ ಆಕೆಯ ಪರವಾಗಿ ತುಪ್ಪ ಒಪ್ಪಿಸಿ ಬರಲಿ ಎಂದು. ನೋಡುವುದಕ್ಕೆ ಜಾಣತನದ ಮಾತು. ಆದರೆ ಗಾಳಿಗೊಡ್ಡಿದ ಏಣಿನ ಮೇಲೆ ಕೂರುವುದಕ್ಕಿಂತ ಕೆಟ್ಟದ್ದು ಯಾವುದೂ ಇಲ್ಲ. ನಡೆಯುವವನ ಮೈ ತನ್ನ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಕುಳಿತವನ ಮೈ ಅದನ್ನು ಕಳೆದುಕೊಳ್ಳುತ್ತದೆ. ಮಠದ ಪ್ರಸಾದ ನಿಲಯಗಳಲ್ಲಿ ಓದಿದವರು ಇಲ್ಲಿ ಒಂದು ಸಣ್ಣ ಸಂಗತಿಯನ್ನು ನೆನಪಿಗೆ ತಂದುಕೊಳ್ಳಬೇಕು. ಪಂಕ್ತಿಯಲ್ಲಿ ಕುಳಿತವರು ಕೊನೆಯವನ ಊಟ ಮುಗಿಯುವವರೆಗೆ ಏಳಬಾರದೆಂಬ ಕಟ್ಟಳೆಯಿತ್ತು. ಬೇಗ ಉಂಡವನಿಗೆ ಅದು ಕಿರುಕುಳವೆನಿಸುತ್ತಿತ್ತು. ತಟ್ಟೆ ಒಣಗುತ್ತಿದ್ದರೂ ಸುಮ್ಮನೆ ಕುಳಿತಿರಬೇಕಾಗಿತ್ತು. ನಿಧಾನವಾಗಿ ಉಣ್ಣುವ ಚಿಕ್ಕ ಹುಡುಗನ ಪಾಲಿಗೆ ಆ ಕಟ್ಟಳೆಯೇ ಹೊಟ್ಟೆ ತುಂಬುವ ಆಧಾರವಾಗಿತ್ತು. ಎಲ್ಲರೂ ಎದ್ದರೆ ಅವನೂ ಅರೆಹೊಟ್ಟೆಯಲ್ಲಿ ಏಳುತ್ತಿದ್ದ. ಒಟ್ಟಾಗಿ ಕುಳಿತವರ ವೇಗವನ್ನು ಕೊನೆಯವನೇ ಗೊತ್ತುಮಾಡುತ್ತಾನೆಂಬ ಈ ಪಾಠ ಊಟದ ಮನೆಯದಾದರೂ ಬೆಟ್ಟದ ಮೇಲೂ ಸಲ್ಲುತ್ತದೆ. ಬಲಶಾಲಿ ಮುಂದೆ ಹೋಗಿ ಬಂಡೆಯ ಮೇಲೆ ಕುಳಿತು ಕಾಯುವುದು, ದುರ್ಬಲ ಏದುತ್ತಾ ಬಂದು ಸೇರಿದೊಡನೆ ತಾನು ಎದ್ದು ಹೊರಡುವುದು, ಇದು ಬೆಟ್ಟಗಳಲ್ಲಿ ದಿನವೂ ಕಾಣುವ ದೃಶ್ಯ. ವಿಶ್ರಾಂತಿ ಬೇಡದವನಿಗೆ ವಿಶ್ರಾಂತಿ, ಬೇಕಾದವನಿಗೆ ಇಲ್ಲ!

ನಡುದಾರಿಯನ್ನು ಬಿಟ್ಟರೆ ಉಳಿಯುವುದು ಎರಡೇ: ಮುಂದೆ, ಇಲ್ಲವೇ ಹಿಂದೆ. ನಿರ್ಧರಿಸುವವರು ಯಾರು? ಹರಕೆ ಆಕೆಯದು, ದೇಹ ಆಕೆಯದು, ಆದ್ದರಿಂದ ಮಾತೂ ಆಕೆಯದೇ ಎಂಬ ವಾದವನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಹಿರಿಯರ ಶ್ರದ್ಧೆಯನ್ನು ಕಿರಿಯರು ತಮ್ಮ ತಿಳಿವಳಿಕೆಯ ಬಲದಿಂದ ಆಳಹೊರಡುವುದು ಸೌಜನ್ಯವಲ್ಲ. ಆದರೆ ಚಳಿಯ ಗುಣವನ್ನು ಬಲ್ಲವರಿಗೆ ಇಲ್ಲಿ ಬೇರೊಂದು ತೊಡಕು ಕಾಣುತ್ತದೆ.

ಮನುಷ್ಯನ ಒಳಮೈಯ ಶಾಖ ಸುಮಾರು 37 ಡಿಗ್ರಿ. ಅದು 35ಕ್ಕಿಂತ ಕೆಳಗಿಳಿದರೆ ಅದನ್ನು ವೈದ್ಯರು ರೋಗಸ್ಥಿತಿಯೆಂದು ಎಣಿಸುತ್ತಾರೆ. ಇದಕ್ಕೆ ಹಿಮ ಬೀಳಬೇಕಾಗಿಲ್ಲ. ಮಳೆಯಲ್ಲಿ ನೆನೆದು, ಹಸಿದು, ದಣಿದು, ಗಾಳಿಗೆ ನಿಂತವನಿಗೆ ಹತ್ತು ಡಿಗ್ರಿಯ ಹವೆಯೂ ಸಾಕು. ಮೊದಲು ನಡುಕ, ಬಳಿಕ ಬೆರಳುಗಳ ಜಡತೆ, ಹೆಜ್ಜೆಯ ತಪ್ಪು, ಮಾತಿನ ತೊದಲು. ಈ ಹಂತದಲ್ಲಿಯೇ, ಕೈಕಾಲು ಇನ್ನೂ ಅಷ್ಟಿಷ್ಟು ಆಡುತ್ತಿರುವಾಗಲೇ, ವಿವೇಚನೆ ಕುಗ್ಗತೊಡಗುತ್ತದೆ. ತನಗೇನೂ ಆಗಿಲ್ಲವೆಂದು ರೋಗಿ ಪ್ರಾಮಾಣಿಕವಾಗಿಯೇ ನಂಬುತ್ತಾನೆ. ಉಪವಾಸವಿದ್ದು ಸಕ್ಕರೆಯ ಮಾತ್ರೆ ನುಂಗಿದವರಿಗೆ ರಕ್ತದಲ್ಲಿ ಸಕ್ಕರೆ ಇಳಿದರೂ ಹೆಚ್ಚುಕಡಮೆ ಇದೇ ಚಿಹ್ನೆಗಳು, ಇದೇ ಮಂಕು. ಅಂದರೆ, ತೀರ್ಪು ಕೊಡಬೇಕಾದ ನ್ಯಾಯಾಧೀಶನನ್ನೇ ಮೊದಲು ಕದ್ದೊಯ್ಯುವ ಕಳ್ಳ ಇದು. “ನಂಗೇನೂ ಆಗಿಲ್ಲ” ಎಂಬ ದೊಡ್ಡಮ್ಮನ ಮಾತು ಶ್ರದ್ಧೆಯ ಮಾತೋ ಚಳಿಯ ಮಾತೋ ಎಂಬುದನ್ನು ಆ ಏಣಿನ ಮೇಲೆ ನಿಂತು ಯಾರು ಬೇರ್ಪಡಿಸಬಲ್ಲರು? ಐವರು ತರುಣರೂ ಅದೇ ಮಳೆಯಲ್ಲಿ ನೆನೆದವರು. ಅವರ ತೀರ್ಪಿಗೂ ಪೂರ್ಣ ಪ್ರಮಾಣವಿಲ್ಲ. ದೂರದ ಪಯಣ ಮಾಡಿ ಬಂದಿದ್ದೇವೆ, ಇನ್ನು ಅರ್ಧ ಗಂಟೆ ತಾನೇ ಎಂಬ ಆಸೆ ಬೇರೆ ಅವರನ್ನು ಎಳೆಯುತ್ತಿರುತ್ತದೆ.

ಆದ್ದರಿಂದ ನನಗೆ ತೋರುವುದಿಷ್ಟು. ಬೆಟ್ಟದ ಮೇಲಿನ ಧರ್ಮನಿರ್ಣಯ ಬೆಟ್ಟದ ಮೇಲೆ ಆಗತಕ್ಕದ್ದಲ್ಲ. ಅದು ಕೆಳಗೆ, ಬೆಚ್ಚಗಿನ ಜಾಗದಲ್ಲಿ, ಹೊಟ್ಟೆ ತುಂಬಿರುವಾಗ, ಎಲ್ಲರ ಬುದ್ಧಿಯೂ ಎಲ್ಲರ ಸ್ವಾಧೀನದಲ್ಲಿರುವಾಗ ಆಗಿಹೋಗಬೇಕು. ಇಂಥ ಗಂಟೆಗೆ ಎಲ್ಲಿದ್ದರೂ ತಿರುಗುವುದು. ಯಾರೊಬ್ಬರ ಮಾತು ತೊದಲಿದರೂ ಎಲ್ಲರೂ ಇಳಿಯುವುದು. ಆಗ ಆ ಒಬ್ಬರು ಬೇಡವೆಂದರೂ ಕೇಳದಿರುವುದು. ದೊಡ್ಡಮ್ಮನವರೇ ಮಲ್ಲೇನಹಳ್ಳಿಯಲ್ಲಿ, ತಮ್ಮ ಬುದ್ಧಿ ತಿಳಿಯಾಗಿರುವಾಗ, ಈ ಮಾತಿಗೆ ಒಪ್ಪಿದ್ದರೆ, ಮೇಲೆ ಅವರನ್ನು ಹಿಂದಕ್ಕೆ ಕರೆತರುವುದು ಅವರ ಸಂಕಲ್ಪವನ್ನು ಮುರಿದಂತಾಗದು. ಅವರದೇ ಮೊದಲಿನ ಮಾತನ್ನು ಉಳಿಸಿದಂತಾಗುತ್ತದೆ.

ಎವರೆಸ್ಟ್ ಹತ್ತುವವರಲ್ಲಿಯೂ ಈ ಪದ್ಧತಿಯಿದೆ: ಮಧ್ಯಾಹ್ನ ಇಂತಿಷ್ಟು ಗಂಟೆಯಾದರೆ ತುದಿ ಕೈಗೆಟಕುವಂತಿದ್ದರೂ ತಿರುಗಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳುತ್ತಾರೆ. 1996ರ ಮೇ 10ರಂದು ಅಲ್ಲಿ ಹಲವರು ಎರಡು ಗಂಟೆ ಕಳೆದ ಮೇಲೂ ಮೇಲಕ್ಕೇ ನಡೆದರು. ಸಂಜೆ ಬಿರುಗಾಳಿ ಎದ್ದಿತು. ಬೆಟ್ಟದ ಎರಡು ಕಡೆಯ ಏಣುಗಳ ಮೇಲೆ ಎಂಟು ಮಂದಿ ಮಡಿದರು; ಅವರಲ್ಲಿ ಮೂವರು ನಮ್ಮ ಇಂಡೋ–ಟಿಬೆಟನ್ ಗಡಿ ಪೊಲೀಸ್ ಪಡೆಯವರು. ಅದೇ ತಿಂಗಳ ಮೊದಲಲ್ಲಿ, ಸ್ವೀಡನ್ನಿನಿಂದ ಸೈಕಲ್ಲಿನಲ್ಲಿಯೇ ನೇಪಾಳಕ್ಕೆ ಬಂದಿದ್ದ ಯೋರಾನ್ ಕ್ರಾಪ್ ಎಂಬವರು ತುದಿಗೆ ನೂರು ಮೀಟರಿನಷ್ಟು ಕೆಳಗಿನಿಂದ, ಹೊತ್ತು ಮೀರಿತೆಂದು ಹಿಂದಿರುಗಿದ್ದರು. ಮತ್ತೆ ಮೇ ತಿಂಗಳ ಕೊನೆಯ ಭಾಗದಲ್ಲಿ ಹತ್ತಿದರು. ಸಾವಿರಾರು ಮೈಲಿ ಸೈಕಲ್ ತುಳಿದು ಬಂದವನಿಗೆ ಆ ನೂರು ಮೀಟರು ಎಷ್ಟು ಎಳೆದಿರಬೇಡ!

ನಮ್ಮ ನಾಡಿನ ನೋವೂ ಹಳೆಯದಾಗಿಲ್ಲ. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲಕ್ಕೆ ಚಾರಣ ಹೋಗಿದ್ದ, ಬಹುಪಾಲು ಬೆಂಗಳೂರಿನವರೇ ಇದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿ ಒಂಬತ್ತು ಮಂದಿ ತೀರಿಕೊಂಡರು. ಅಲ್ಲಿ ತಪ್ಪು ಯಾರದೆಂದು ತೂಗುವುದು ಇಲ್ಲಿಯ ಕೆಲಸವಲ್ಲ, ಮನೆಯಲ್ಲಿ ಕುಳಿತು ತೂಗುವುದು ಸಭ್ಯತೆಯೂ ಅಲ್ಲ. ಬೇಸಿಗೆಯ ಜೂನ್ ತಿಂಗಳಲ್ಲಿಯೇ ಎತ್ತರದ ಜಾಗ ಹೀಗೆ ಮಾಡಬಲ್ಲದೆಂಬುದನ್ನು ಮಾತ್ರ ನೆನಪಿಟ್ಟುಕೊಳ್ಳೋಣ.

ಇನ್ನು ಹರಕೆಯ ಪ್ರಶ್ನೆ. ಅರ್ಧಕ್ಕೆ ನಿಂತ ಹರಕೆಯ ಗತಿಯೇನು? ಶರಣರು ಬೆಟ್ಟದ ತುದಿಗಳಿಗೆ ವಿಶೇಷ ಬೆಲೆ ಕೊಟ್ಟವರಲ್ಲ, ಮೈಯನ್ನು ದಂಡಿಸಿ ದೇವರನ್ನು ಒಲಿಸುವ ವ್ರತಗಳನ್ನು ಒಪ್ಪಿದವರೂ ಅಲ್ಲ. ಕಾಯ ಅವರಿಗೆ ಪ್ರಸಾದಕಾಯ. ಆದರೂ ನಮ್ಮ ಮನೆಗಳ ತಾಯಂದಿರು ಹರಕೆಯನ್ನು ಬಿಟ್ಟಿಲ್ಲವೆಂಬುದು ಪೀಠದ ಮೇಲಿನವರಿಗೂ ಗೊತ್ತು, ಪೀಠದ ಕೆಳಗಿನವರಿಗೂ ಗೊತ್ತು. ತತ್ತ್ವವನ್ನು ಎತ್ತಿ ತೋರಿಸಿ ಆ ತಾಯಿಯ ಬಾಯಿ ಮುಚ್ಚಿಸುವುದು ನನಗೆ ಸರಿಯೆನಿಸುವುದಿಲ್ಲ. ಆಕೆಯ ನಂಬಿಕೆಯ ಒಳಗಿನಿಂದಲೇ ಉತ್ತರ ದೊರೆಯುವುದಾದರೆ ಅದೇ ಲೇಸು.

ದೊರೆಯುತ್ತದೆ ಕೂಡ. ನಮ್ಮ ಹಳ್ಳಿಯ ಹರಕೆಯೆಂಬುದು ಕೋರ್ಟಿನ ಕರಾರುಪತ್ರದಂತೆ ಬಿಗಿಯಾದುದಲ್ಲ. ಕೈಲಾಗದವರ ಹರಕೆಯನ್ನು ಮಕ್ಕಳು ತೀರಿಸುತ್ತಾರೆ. ಈ ವರ್ಷ ಆಗದಿದ್ದರೆ ಮುಡಿಪು ಕಟ್ಟಿಟ್ಟು ಬರುವ ವರ್ಷಕ್ಕೆ ಮುಂದೂಡುತ್ತಾರೆ. ತಪ್ಪಿದರೆ ತಪ್ಪುಕಾಣಿಕೆಯೆಂಬುದಿದೆ. ‘ತಪ್ಪು’ ಎಂಬ ಮಾತನ್ನೇ ಕಾಣಿಕೆಯ ಹೆಸರಿನೊಳಕ್ಕೆ ಸೇರಿಸಿದ ಹಿರಿಯರು, ಮನುಷ್ಯ ಸೋಲುತ್ತಾನೆಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ದೇವೀರಮ್ಮನ ಬೆಟ್ಟದಲ್ಲಿಯೂ ಅಷ್ಟೆ. ಹತ್ತಿದವರು ಒಪ್ಪಿಸಿದ ಕಟ್ಟಿಗೆ, ತುಪ್ಪಗಳು ಸಂಜೆ ಉರಿದು ಬೆಟ್ಟದ ನೆತ್ತಿಯಲ್ಲಿ ಬೆಳಕು ಕಂಡಾಗ, ಸುತ್ತಣ ಊರುಗಳಲ್ಲಿ ಹತ್ತಲಾಗದ ಮುದುಕರು, ಬಾಣಂತಿಯರು ತಮ್ಮ ಮನೆಯ ಅಂಗಳದಲ್ಲಿ, ಮಾಳಿಗೆಯಲ್ಲಿ ನಿಂತು ಆರತಿ ಎತ್ತುತ್ತಾರೆ. ಅವರ ಪೂಜೆ ಅರ್ಧದ ಪೂಜೆಯೆಂದು ಆ ಸೀಮೆಯಲ್ಲಿ ಯಾರೂ ಹೇಳಿದ್ದನ್ನು ಕೇಳಿಲ್ಲ.

ಇದಕ್ಕೆ ಎದುರುಮಾತು ಇದೆ. ಹೀಗೆ ಸಡಿಲಬಿಟ್ಟರೆ ಮಂಜು ಕಂಡೊಡನೆ ಎಲ್ಲರೂ ತಿರುಗುತ್ತಾರೆ, ಕಷ್ಟವಿಲ್ಲದ ಸಂಕಲ್ಪ ಸಂಕಲ್ಪವೇ ಅಲ್ಲ ಎಂದು ಕೆಲವರು ಹೇಳಬಹುದು. ಮಾತಿನಲ್ಲಿ ಹುರುಳಿದೆ. ಸೋಮಾರಿಗೆ ಎಲ್ಲ ಕಾರಣವೂ ಒಳ್ಳೆಯ ಕಾರಣವೇ. ಆದರೆ ನನ್ನ ಮೈಯ ಕಷ್ಟವನ್ನು ನಾನು ಸಹಿಸುವುದು ಒಂದು, ನನ್ನ ಸಂಕಲ್ಪದ ಕಷ್ಟವನ್ನು ಪಕ್ಕದವನ ಮೈಯಿಂದ ವಸೂಲು ಮಾಡುವುದು ಇನ್ನೊಂದು. ಮೊದಲನೆಯದನ್ನು ತಪಸ್ಸೆನ್ನೋಣ. ಎರಡನೆಯದಕ್ಕೆ ಆ ಹೆಸರು ಸಲ್ಲದು. ದೊಡ್ಡಮ್ಮನೂ ಇದಕ್ಕೆ ಹೊರತಲ್ಲ: ಆಕೆ ಕುಸಿದರೆ ಆ ಜಾರುವ ಬಂಡೆಗಳ ಮೇಲೆ ಹೊತ್ತು ಇಳಿಸಬೇಕಾದವರು ಈ ಐವರು. ಒಂಟಿಯಾಗಿ ಹೋದವನೂ ಹೊರತಲ್ಲ. ತನ್ನ ಪ್ರಾಣ ತನ್ನದೆಂದು ಅವನು ಹೇಳಬಹುದು. ಆದರೆ ಅವನು ಇರುಳಾದರೂ ಇಳಿಯದಿದ್ದರೆ ಲಾಟೀನು ಹಿಡಿದು ಹುಡುಕ ಹೋಗುವವರು ಕಡಮೆ ಸಂಬಳದ ಅರಣ್ಯ ಕಾವಲುಗಾರರು, ತಪ್ಪಲಿನ ಹಳ್ಳಿಯ ಹುಡುಗರು. ಅವರಿಗೂ ಮನೆಯಿದೆ. 2024ರ ಜನವರಿಯ ಕೊನೆಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದ ಹಾದಿಯಲ್ಲಿ ಜಾತ್ರೆಯಂತೆ ಜನ ನೆರೆದ ಬಳಿಕ ಸರ್ಕಾರ ಚಾರಣಿಗರ ಸಂಖ್ಯೆಗೆ ಮಿತಿ ಹಾಕಲು ಹೊರಟಿತು. ಹಲವರು ಗೊಣಗಿದರು. ಅಂಥ ಜಂಗುಳಿಯಲ್ಲಿ ಒಬ್ಬ ಕಾಲು ಮುರಿದುಕೊಂಡರೆ ಅವನನ್ನು ಇಳಿಸುವ ಹೆಗಲುಗಳೆಷ್ಟಿವೆಯೆಂಬ ಲೆಕ್ಕವನ್ನು ಗೊಣಗಿದವರು ಹಾಕಿದಂತೆ ಕಾಣಲಿಲ್ಲ.

ಇನ್ನೊಂದು ಸೂಕ್ಷ್ಮವನ್ನು ಹೇಳದೆ ಮುಂದೆ ಹೋಗಲಾರೆ. ನಡೆಯಲಾರದವನು ತಾನೇ ಬಾಯಿಬಿಟ್ಟು ‘ಆಗುವುದಿಲ್ಲ’ ಎನ್ನುವುದು ಬಹಳ ಕಷ್ಟ. ನಾಚಿಕೆ ಅವನ ಬಾಯಿ ಕಟ್ಟುತ್ತದೆ. ಬಲಶಾಲಿಯಾದವನು ಆಗ “ನನಗೇ ಸಾಕಾಯಿತಪ್ಪ, ಇಳಿಯೋಣ” ಎಂದರೆ ಅದು ಸುಳ್ಳೇ? ಸತ್ಯವನ್ನು ಕಟ್ಟುನಿಟ್ಟಾಗಿ ಹಿಡಿಯುವವರು ಸುಳ್ಳೆಂದೇ ಹೇಳಬೇಕಾಗುತ್ತದೆ. ನನಗೆ ಹಾಗೆ ತೋರುವುದಿಲ್ಲ. ಜೊತೆಯವನು ಬೀಳುತ್ತಿರುವುದನ್ನು ನೋಡುತ್ತಾ ಮುಂದೆ ನಡೆಯುವ ಮನಸ್ಸು ಅವನಿಗೆ ನಿಜವಾಗಿಯೂ ಸಾಕಾಗಿದೆ. ಕಾಲಿನ ಲೆಕ್ಕವನ್ನು ಅವನು ಹೇಳುತ್ತಿಲ್ಲ, ಅಷ್ಟೆ. ಈ ಮಾತು ಬಲಶಾಲಿಯ ಬಾಯಿಂದ ಮೊದಲು ಬಂದಾಗ ತಂಡದಲ್ಲಿ ಯಾರೂ ಸಣ್ಣವರಾಗುವುದಿಲ್ಲ. ಬಲವಿರುವವನಿಗೆ ಕಳೆದುಕೊಳ್ಳಲು ಒಂದಿಷ್ಟು ಹೆಮ್ಮೆ ಇರುತ್ತದೆ, ಆ ಹೆಮ್ಮೆಯನ್ನು ಅವನು ಖರ್ಚುಮಾಡಲಿ.

ಹಾಗಾದರೆ ನಮ್ಮ ಆರು ಜನ ಮಾಡಬೇಕಾದುದೇನು? ಮೊದಲು ದೊಡ್ಡಮ್ಮನ ಬಾಯಿಗೆ ಒಂದಿಷ್ಟು ಬೆಲ್ಲ. ಉಪವಾಸದ ಮಾತು ಆಮೇಲೆ. ಒಣಗಿದ ಬಟ್ಟೆ ಯಾರ ಚೀಲದಲ್ಲಿದ್ದರೆ ಅದು ಆಕೆಯ ಮೈಗೆ. ಗಾಳಿ ಬೀಸುವ ಕಡೆಗೆ ಇಬ್ಬರು, ಹಿಂದೆ ಒಬ್ಬ, ಮುಂದೆ ಇಬ್ಬರು, ನಡುವೆ ಆಕೆ. ಎಲ್ಲರೂ ಒಟ್ಟಾಗಿ ಇಳಿಯಬೇಕು. ತುಪ್ಪದ ಪಾತ್ರೆಯನ್ನು ಮೇಲಕ್ಕೆ ಹೋಗುವ ಯಾರ ಕೈಗಾದರೂ ಕೊಟ್ಟರೆ ಒಯ್ದು ಒಪ್ಪಿಸುತ್ತಾರೆ. ಆ ಬೆಟ್ಟದಲ್ಲಿ ಅಂಥ ಉಪಕಾರಕ್ಕೆ ಇಲ್ಲವೆನ್ನುವವರು ಅಪರೂಪ.

ಇಳಿದ ಮೇಲೆ ಎಲ್ಲ ಸರಿಹೋಗುತ್ತದೆಂದು ನಾನು ಹೇಳಲಾರೆ. ತಪ್ಪಲಿನಲ್ಲಿ ಬಿಸಿ ಕಾಫಿ ಕುಡಿದು ನಡುಕ ನಿಂತ ಮೇಲೆ ದೊಡ್ಡಮ್ಮ ಅಳಬಹುದು. “ಬರೋ ವರ್ಷ ನಾನು ಇರ್ತೀನೋ ಇಲ್ವೋ” ಎನ್ನಬಹುದು. ಆ ಮಾತು ಸುಳ್ಳಲ್ಲ. ಅರುವತ್ತು ದಾಟಿದವರಿಗೆ ಮುಂದಿನ ಕಾರ್ತಿಕವೆಂಬುದು ಇಪ್ಪತ್ತೈದರ ಹುಡುಗರಿಗೆ ಇರುವಷ್ಟು ಖಚಿತವಲ್ಲ. ದೇವರಿಗೆ ಎಲ್ಲ ತಿಳಿಯುತ್ತದೆ ಬಿಡಿ ಎಂದು ಹುಡುಗರು ಅಗ್ಗದ ಸಮಾಧಾನ ಹೇಳಿ ಬಸ್ಸಿನತ್ತ ನಡೆಯಬಾರದು. ಆಕೆಯನ್ನು ಹಿಂದಕ್ಕೆ ಕರೆತಂದವರು ಅವರು, ಆಕೆಯ ದುಃಖದಲ್ಲಿ ಅವರಿಗೂ ಪಾಲಿದೆ. ಮದ್ದೂರಿಗೆ ಹಿಂದಿರುಗುವ ಬಸ್ಸು ತಪ್ಪಿದರೆ ತಪ್ಪಲಿ. ಸಂಜೆಯವರೆಗೂ ಆಕೆಯ ಪಕ್ಕದಲ್ಲಿ ಕುಳಿತಿದ್ದು, ಮಂಜು ಸರಿದರೆ, ಬೆಟ್ಟದ ನೆತ್ತಿಯ ಬೆಳಕನ್ನು ತೋರಿಸಿ, ಆಮೇಲೆ ಊರಿಗೆ ಹೊರಡಲಿ.